ನೋಡಿ ಕಲಿಯುವ ದಾರಿ: ಸ್ವಲೀನತೆಯುಳ್ಳ ಮಕ್ಕಳೂ ವಿಡಿಯೊ ಪಾಠವೂ

(ಶಾಲೆಯ ಹೆತ್ತವರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಬಯಲಾಟವನ್ನು ರಾತ್ರಿಯಿಡೀ ನೋಡಿ ಬಂದ ಹುಡುಗರು ಮರುದಿನ ಅಂಗಳದಲ್ಲಿ ಬೈರಾಸನ್ನು ತಲೆಗೆ ಸುತ್ತಿ ಕುಣಿಯುವುದನ್ನು ಈ ಕಾಸರಗೋಡಿನ ನೆಲದಲ್ಲಿ ಕಾಣದವರಿಲ್ಲ. ಅವರಿಗೆ ಯಾರೂ ಪಾಠ ಹೇಳಿದುದಿಲ್ಲ, ಕಣ್ಣೇ ಗುರುವಾಯಿತು. ‘ನೋಡಿ ಕಲಿ, ಮಾಡಿ ತಿಳಿ’ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ. ಆದರೆ ಸುತ್ತಲಿನವರನ್ನು ನೋಡಿ ತಾವಾಗಿ ಕಲಿಯುವುದು ಕೆಲವು ಮಕ್ಕಳಿಗೆ ಕಷ್ಟ. ಸ್ವಲೀನತೆ ಅಥವಾ ಆಟಿಸಂ ಉಳ್ಳ ಮಕ್ಕಳಲ್ಲಿ ಅನೇಕರು ಅಂಥವರು. ಅವರನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಲು ಬಯಸುತ್ತೇವೆ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳ ನಡವಳಿಕೆಯನ್ನು ವಿವರಿಸಿ ಇದನ್ನು ಲೋಕದ ಗಮನಕ್ಕೆ ತಂದರು. ಇದು ಅಂಟುವ ರೋಗವಲ್ಲ, ಶಾಪವೂ ಅಲ್ಲ. ಮೆದುಳಿನ ಬೆಳವಣಿಗೆಯಲ್ಲಿರುವ ಭಿನ್ನತೆ. ಇಂಥ ಮಗುವಿಗೆ ಎದುರಿನವರ ಮುಖಭಾವವನ್ನು ಅರಿಯುವುದು ಕಷ್ಟವಾಗಬಹುದು; ಗದ್ದಲ ಸಹಿಸದಿರಬಹುದು; ದಿನಚರಿ ಬದಲಾದರೆ ಕಳವಳವಾಗಬಹುದು. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆಂದು ಒಂದು ಕಾಲದಲ್ಲಿ ಪಂಡಿತರೇ ಹೇಳುತ್ತಿದ್ದರು. ಅಂಥ ಮಗುವಿನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರು 1964ರಲ್ಲಿ ಗ್ರಂಥವೊಂದನ್ನು ಬರೆದು ಆ ವಾದಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಆದುದರಿಂದ ತಾಯಂದಿರು ತಮ್ಮನ್ನು ಹಳಿದುಕೊಳ್ಳುವುದೂ, ಬಂಧುಗಳು ಅವರನ್ನು ಹಳಿಯುವುದೂ ಇಂದಿಗೇ ನಿಲ್ಲಬೇಕು.

ಈ ಮಕ್ಕಳಿಗೆ ಕೆಲಸಗಳನ್ನು ಕಲಿಸಲು ಇರುವ ಉಪಾಯಗಳಲ್ಲಿ ವಿಡಿಯೊ ಮಾದರಿಯೂ ಒಂದು. ನೋಡಿ ಕಲಿಯುವುದಕ್ಕೆ ಗಮನ, ನೆನಪು, ಮಾಡುವ ಶಕ್ತಿ, ಮಾಡಬೇಕೆಂಬ ಆಸೆ, ಈ ನಾಲ್ಕೂ ಬೇಕೆಂದು ಆಲ್ಬರ್ಟ್ ಬಂಡೂರಾ ಎಂಬ ವಿದ್ವಾಂಸರು ವಿವರಿಸಿದ್ದಾರೆ. ವಿಡಿಯೊ ಇಲ್ಲಿ ನೆರವಿಗೆ ಬರುತ್ತದೆ. ಬೇಕಾದುದನ್ನು ಮಾತ್ರ ತೋರಿಸುತ್ತದೆ; ಎಷ್ಟು ಸಲ ತೋರಿಸಿದರೂ ಒಂದೇ ಬಗೆಯಾಗಿರುತ್ತದೆ; ಬೇಸರಿಸುವುದಿಲ್ಲ, ಗದರಿಸುವುದಿಲ್ಲ. 1989ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೂವರು ಮಕ್ಕಳು ಇಬ್ಬರ ಸಂಭಾಷಣೆಯ ವಿಡಿಯೊ ನೋಡಿ ಮಾತುಕತೆ ನಡೆಸಲು ಕಲಿತರು; 15 ತಿಂಗಳ ಕಾಲ ಆ ಕಲಿಕೆ ಉಳಿದಿತ್ತು. 2000ದಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಎದುರಿಗೆ ನಿಂತು ಮಾಡಿ ತೋರಿಸಿದುದಕ್ಕಿಂತ ವಿಡಿಯೊದಿಂದ ಕಲಿಕೆ ಬೇಗನೆ ಆಯಿತೆಂದು ಕಂಡುಬಂತು.

ಇದಕ್ಕೆ ದೊಡ್ಡ ಸಲಕರಣೆ ಬೇಡ. ಮನೆಯ ಮೊಬೈಲು ಸಾಕು. ಊಟಕ್ಕೆ ಮೊದಲು ಕೈ ತೊಳೆಯುವುದನ್ನೇ ತೆಗೆದುಕೊಳ್ಳೋಣ. ನಮಗೆ ಅದು ಒಂದು ಕೆಲಸ, ಬಿಡಿಸಿದರೆ ಏಳು. ನಳ್ಳಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸಾಬೂನು ಹಚ್ಚುವುದು, ಉಜ್ಜುವುದು, ತೊಳೆಯುವುದು, ನಳ್ಳಿ ನಿಲ್ಲಿಸುವುದು, ಒರಸುವುದು. ಅಣ್ಣನೋ ಅಕ್ಕನೋ ಇದನ್ನು ನಿಧಾನವಾಗಿ ಮಾಡಲಿ. ಒಂದೆರಡು ನಿಮಿಷದ ವಿಡಿಯೊ ತೆಗೆಯಿರಿ. ಹಿಂದೆ ಗದ್ದಲವಿರಬಾರದು; ಮಾತು ಚಿಕ್ಕದಿರಲಿ. ಮಗುವಿಗೆ ತೋರಿಸಿದ ಕೂಡಲೇ ಅದೇ ನಳ್ಳಿಯ ಬಳಿ ಮಾಡಲು ಬಿಡಿ. ಮಾಡಿದಷ್ಟಕ್ಕೆ ಮೆಚ್ಚಿಕೊಳ್ಳಿ. ಎಲ್ಲಿ ತಡೆಯುವುದೋ ಆ ಹಂತವನ್ನು ಇನ್ನೂ ಬಿಡಿಸಿ ತೋರಿಸಿ. ಕಲಿತ ಮೇಲೆ ವಿಡಿಯೊವನ್ನು ಮೆಲ್ಲಮೆಲ್ಲನೆ ಬಿಡಿಸಿರಿ. ತಾಸುಗಟ್ಟಲೆ ಮೊಬೈಲು ಕೊಟ್ಟು ಕೂರಿಸುವುದಕ್ಕೆ ಪಾಠವೆಂಬ ಹೆಸರು ಸಲ್ಲದು. ಎಲ್ಲ ಮಕ್ಕಳಿಗೂ ಈ ಕ್ರಮ ಒಂದೇ ಸಮನೆ ಹಿಡಿಸಲಾರದು. ತಜ್ಞರ ಸಲಹೆಯೂ ಜೊತೆಗಿರಲಿ.

ಗಡಿನಾಡಿನವರಾದ ನಮಗೆ ಇನ್ನೊಂದು ಪ್ರಶ್ನೆ ಉಂಟು. ಸಿದ್ಧವಾಗಿ ದೊರೆಯುವ ವಿಡಿಯೊಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ನಮ್ಮ ಮಗುವಿಗೆ ಅಮ್ಮ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಕರೆಯುತ್ತಾಳೆ. ಎರಡು ಭಾಷೆ ಕೇಳಿದರೆ ಇಂಥ ಮಕ್ಕಳು ಹಿಂದುಳಿಯುತ್ತಾರೆ, ಮನೆಮಾತನ್ನು ಬಿಡಿ ಎಂಬ ಸಲಹೆಯೂ ಕೇಳಿಬರುವುದುಂಟು. ಆದರೆ ಈವರೆಗಿನ ಅಧ್ಯಯನಗಳಲ್ಲಿ ಅಂಥ ಕೇಡೇನೂ ಕಂಡುಬಂದಿಲ್ಲ. ಮನೆಮಾತನ್ನು ಕಳೆದುಕೊಂಡ ಮಗು ಅಜ್ಜಿಯ ಮಾತಿನಿಂದಲೂ ದೂರವಾಗುತ್ತದೆ. ಮನೆಯಲ್ಲಿಯೇ ತೆಗೆದ ವಿಡಿಯೊ ಮನೆಮಾತಿನಲ್ಲಿಯೇ ಇರಲಿ.

ಮಗುವಿನ ಮಾನವನ್ನೂ ಕಾಯಬೇಕು. ಪಾಠದ ವಿಡಿಯೊ ವಾಟ್ಸಾಪ್ ಗುಂಪುಗಳಲ್ಲಿ ತಿರುಗಾಡುವ ವಸ್ತುವಲ್ಲ. ಸಂತೋಷವಾದಾಗ ಕೈ ಬೀಸುವ ಮಗುವಿನಿಂದ ಯಾರಿಗೂ ಹಾನಿಯಿಲ್ಲ. ಅದನ್ನು ತಡೆಯುವುದು ಶಿಕ್ಷಣವಲ್ಲ. ಮಗುವಿಗೆ ಸ್ವಾತಂತ್ರ್ಯ ಕೊಡುವ ಕೆಲಸವನ್ನು ಕಲಿಸೋಣ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸ್ವಲೀನತೆಯನ್ನು ತನ್ನ 21 ವಿಧಗಳಲ್ಲಿ ಸೇರಿಸಿದೆ. ಸರಕಾರಿ ಹಾಗೂ ಅನುದಾನಿತ ಶಾಲೆಗಳು ಭೇದವೆಣಿಸದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ವಿಧಿಸಿದೆ. ಆದುದರಿಂದ ಶಾಲೆಯ ಬಾಗಿಲು ತಟ್ಟಲು ಯಾವ ತಾಯಿತಂದೆಯೂ ಅಂಜಬೇಕಾಗಿಲ್ಲ. ನೆರೆಯವರು ಏನೆನ್ನುವರೋ ಎಂದು ಮಗುವನ್ನು ಒಳಕೋಣೆಯಲ್ಲಿ ಇಟ್ಟರೆ ಕಲಿಯುವ ವಯಸ್ಸು ಕಾಯುತ್ತ ನಿಲ್ಲುವುದಿಲ್ಲ.

ವಿದ್ಯಾರ್ಥಿಗಳೇ, ಬುತ್ತಿ ಬಿಚ್ಚುವುದು, ಸರದಿಯಲ್ಲಿ ನಿಲ್ಲುವುದು, ಆಟಕ್ಕೆ ಕರೆಯುವುದು, ಇವನ್ನೆಲ್ಲ ತೋರಿಸಿಕೊಡಲು ನಿಮ್ಮಷ್ಟು ಒಳ್ಳೆಯ ಮಾದರಿ ಬೇರಿಲ್ಲ. ನಿಮ್ಮ ತರಗತಿಯಲ್ಲಿ ಅಂಥ ಗೆಳೆಯನಿದ್ದರೆ ನಗಬೇಡಿರಿ. ಒಂದು ಸಲ ನಿಧಾನವಾಗಿ ಮಾಡಿ ತೋರಿಸಿರಿ. ಬಳಿಕ ಅವನ ಸರದಿಗಾಗಿ ಕಾಯಿರಿ.