ಕ್ರಿಮಿನಲ್ ವಕೀಲನ ಅನುಭವದ ನಾಲ್ಕು ಮಾತು
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನನ್ನನ್ನು 'ಬ್ಯಾರಿಸ್ಟರ್' ಎಂದು ಪರಿಚಯಿಸಿದರು. ಅದು ಇಂಗ್ಲೆಂಡಿನ ಹೆಸರು. 1961ರ ವಕೀಲರ ಕಾಯಿದೆಯಂತೆ ನಾವೆಲ್ಲ ಬರೀ ವಕೀಲರು. ನಾನು ನಡೆಸೋದು ಕ್ರಿಮಿನಲ್ ಕೇಸು. "ಕೊಲೆಗಾರನ ಪರ ಹ್ಯಾಗೆ ಸ್ವಾಮಿ ವಾದ ಮಾಡ್ತೀರಿ?" ಅಂತ ಜನ ಕೇಳ್ತಾರೆ. ಅವನು ಅಪರಾಧಿಯೋ ಅಲ್ಲವೋ ಎಂಬುದನ್ನು ಸಾಕ್ಷಿ ನೋಡಿ ನ್ಯಾಯಾಲಯ ಹೇಳಬೇಕು, ಊರಕಟ್ಟೆಯಲ್ಲ.

ಒಂದು ಕೇಸು ಹೇಳ್ತೇನೆ. ಹೊಲದ ಬದುವಿನ ಜಗಳದಲ್ಲಿ ಒಬ್ಬರ ತಲೆ ಒಡೆಯಿತು. ಹಳೇ ದ್ವೇಷಕ್ಕೆ, ಅಲ್ಲಿ ಇರದಿದ್ದ ತಮ್ಮನ ಹೆಸರನ್ನೂ ದೂರಿನಲ್ಲಿ ಸೇರಿಸಿದರು. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಮನೆಯವರು ಸುಮ್ಮನಾದರು. ಹುಡುಗ ಎರಡು ತಿಂಗಳು ಜೈಲಿನಲ್ಲಿದ್ದ. ಹೊಲದಲ್ಲಿ ರಾಗಿ ಉದುರಿಹೋಯಿತು.

ಕೊನೆಗೆ ಅವನನ್ನು ಉಳಿಸಿದ್ದು ನನ್ನ ವಾದವಲ್ಲ, ಆ ಊರಿನ ಹಾಲಿನ ಸಂಘದ ಪುಸ್ತಕ. ಜಗಳದ ಹೊತ್ತಿಗೆ ಅವನು ಡೈರಿಯಲ್ಲಿ ಹಾಲು ಹಾಕುತ್ತಿದ್ದನೆಂದು ಕಾರ್ಯದರ್ಶಿ ಪುಸ್ತಕ ತಂದು ಸಾಕ್ಷಿ ನುಡಿದರು. ಸರ್ಕಾರಿ ವಕೀಲರು ಪುಟಪುಟ ತಿರುವಿದರು. ಒಂದು ಸಾಲೂ ತಿದ್ದಿರಲಿಲ್ಲ.

ಬಂಧುಗಳೇ, ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಉಚಿತ ವಕೀಲರು ಸಿಗ್ತಾರೆ. ತಾಲ್ಲೂಕು ಸಮಿತಿಯಲ್ಲಿ ಕೇಳಿ. ದೂರು ಕೊಟ್ಟರೆ, ಓದಿಸಿ ಕೇಳಿಯೇ ರುಜು ಹಾಕಿ. ಪ್ರತಿಯನ್ನು ಪುಕ್ಕಟೆ ಕೊಡ್ತಾರೆ. ಸಿಟ್ಟಿಗೆ ಇಲ್ಲದವನ ಹೆಸರು ಮಾತ್ರ ಬರೆಸಬೇಡಿ.

ನಿಮ್ಮ ಸಂಘದ ಪುಸ್ತಕಗಳೂ ಹಾಗೇ ಚೊಕ್ಕಟವಾಗಿರಲಿ. ನಾಳೆ ಯಾರ ಮನೆಯ ಮಗನಿಗೆ ಬೇಕಾಗುತ್ತೋ!