ಮುಂದಿನ ಆಕ್ಸಲ್‌ಗೆ ತಿಂಗಳಿಗೆ 16 ಕಿಲೋಮೀಟರ್

ವೇದಿಕೆಯ ಮೇಲಿರುವ ಗಣ್ಯರೇ, ಆಟೊಮೊಬೈಲ್ ವಿಭಾಗಗಳ ಅಧ್ಯಾಪಕರೇ, ಮಲೆನಾಡಿನ ತೋಟಗಳಿಂದ ಬಂದಿರುವ ಬೆಳೆಗಾರರೇ, ಇವತ್ತೊಂದು ದಿನ ಗ್ಯಾರೇಜಿಗೆ ಬಾಗಿಲು ಹಾಕಿ ಬಂದಿರುವ ಮೆಕ್ಯಾನಿಕ್ ಮಿತ್ರರೇ, ಯಾರು ಕರೆದರೂ ಮುಂದೆ ಬಾರದೆ ಹಿಂದಿನ ಸಾಲಿನಲ್ಲೇ ಕೂತಿರುವ ಚಾಲಕರೇ,

ಟೊಯೋಟಾ ಕಂಪನಿ ತನ್ನ ಫೋರ್ ವೀಲ್ ಡ್ರೈವ್ ಪಿಕಪ್‌ಗಳ ಕೈಪಿಡಿಯಲ್ಲಿ ಒಂದು ಸೂಚನೆ ಕೊಡುತ್ತದೆ. ತಿಂಗಳಿಗೆ ಕಡಿಮೆಯೆಂದರೂ 16 ಕಿಲೋಮೀಟರ್ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಟ್ಟು ಓಡಿಸಬೇಕು. ಕೆಸರು ಸಿಗಲಿ, ಬಿಡಲಿ. ಅದೇ ಕೈಪಿಡಿ ಒಣಗಿದ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡಿ ಎಂದೂ ಎಚ್ಚರಿಸುತ್ತದೆ. ಬಳಸದಿದ್ದರೆ ಕೆಡುತ್ತದೆ, ಎಲ್ಲೆಂದರಲ್ಲಿ ಬಳಸಿದರೂ ಕೆಡುತ್ತದೆ. ಈ ವಿಚಾರ ಸಂಕಿರಣ ನಡೆಯಬೇಕಾದದ್ದು ಆ ಎರಡು ಸೂಚನೆಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ.

ಮೊದಲು ಎರಡನೆಯ ಎಚ್ಚರಿಕೆ. ನಮ್ಮಲ್ಲಿ ಓಡುವ ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್‌ಗಳಲ್ಲಿ ಇರುವುದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಗುಂಡಿ ತಿರುಗಿಸಿ 4H ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಆಮೇಲೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳ ದಾರಿ ಹಿಂದಿನವುಗಳಿಗಿಂತ ಉದ್ದ. ಈ ಗಾಡಿಗಳ ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ಇರುವ ಅಂತರ ಸುಮಾರು 3.1 ಮೀಟರ್. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಹಿಂದಿನ ಆಕ್ಸಲ್‌ನ ಮಧ್ಯಭಾಗ 5.5 ಮೀಟರ್ ತ್ರಿಜ್ಯದಲ್ಲಿ ಪೂರ್ತಿ ಅರ್ಧ ಸುತ್ತು ತಿರುಗಿತು ಎಂದುಕೊಳ್ಳಿ. ಅದು ಕ್ರಮಿಸುವ ದೂರ ಸುಮಾರು 17.3 ಮೀಟರ್, ಅಷ್ಟರಲ್ಲಿ ಮುಂದಿನ ಆಕ್ಸಲ್ ಕ್ರಮಿಸುವುದು 19.8 ಮೀಟರ್. ಒಂದೇ ತಿರುವಿನಲ್ಲಿ ಎರಡೂವರೆ ಮೀಟರ್ ವ್ಯತ್ಯಾಸ!

ಕೆಸರಿನಲ್ಲಿ, ಜಲ್ಲಿಯಲ್ಲಿ ಟೈರು ತುಸು ಜಾರಿ ಆ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ ಅಷ್ಟು ಸುಲಭವಾಗಿ ಜಾರುವುದಿಲ್ಲ. ಆಗ ಆ ಎರಡೂವರೆ ಮೀಟರಿನ ಜಗಳ ಶಾಫ್ಟು, ಕ್ರಾಸು, ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಸ್ಟೇರಿಂಗ್ ಬಿಗಿಯುತ್ತದೆ, ಯಾರೋ ಬ್ರೇಕ್ ಹಿಡಿದಂತೆ ಗಾಡಿ ಎಳೆಯುತ್ತದೆ, ಹಿಂದಿನ ಚಕ್ರಗಳಷ್ಟೇ ಎಳೆಯುವ 2Hಗೆ ತಂದರೂ ಫೋರ್ ವೀಲ್ ದೀಪ ಆರುವುದಿಲ್ಲ. ಗ್ಯಾರೇಜಿಗೆ ಓಡುವ ಮೊದಲು ಕೆಲವು ಮೀಟರ್ ನೆಟ್ಟಗೆ ಹಿಂದಕ್ಕೆ ತೆಗೆದರೆ ಬಹಳಷ್ಟು ಸಲ ಆ ಬಿಗಿತ ಬಿಟ್ಟುಕೊಳ್ಳುತ್ತದೆ. ಖರ್ಚಿಲ್ಲದ ರಿಪೇರಿಯಾದ್ದರಿಂದಲೋ ಏನೋ, ಹೇಳಿಕೊಡುವವರು ಕಡಿಮೆ.

ಯಂತ್ರವೇನೂ ಹೊಸತಲ್ಲ. ಅಮೆರಿಕದ ಡಾಡ್ಜ್ ಕಂಪನಿ ಯುದ್ಧಕಾಲದ ಟ್ರಕ್ಕನ್ನು ತಿದ್ದಿ ‘ಪವರ್ ವ್ಯಾಗನ್’ ಎಂಬ ನಾಲ್ಕು ಚಕ್ರ ಚಾಲನೆಯ ಪಿಕಪ್ಪನ್ನು ಜನಸಾಮಾನ್ಯರಿಗೆ ಮಾರಲು ತಂದದ್ದು 1946ರಲ್ಲಿ. ಮರುವರ್ಷವೇ ಮಹೀಂದ್ರ ಭಾರತದಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಮುಂದಿನ ಚಕ್ರವೂ ಎಳೆಯುವ ಗಾಡಿಯ ರೂಢಿಯಾದದ್ದು ಜೀಪಿನಿಂದಲೇ. ಹೈಲಕ್ಸ್‌ಗೆ ಫೋರ್ ವೀಲ್ ಬಂದದ್ದು 1979ರಲ್ಲಿ. ಅದೇ ಹೈಲಕ್ಸ್ 2022ರಿಂದ ನಮ್ಮ ಬಿಡದಿಯಲ್ಲೇ ಜೋಡಣೆಯಾಗುತ್ತಿದೆ.

ಹಳೆಯ ಜೀಪಿನಲ್ಲಿ ಎಲ್ಲ ಕೆಲಸ ಕೈಗೆ ಗೊತ್ತಾಗುತ್ತಿತ್ತು. ಲಿವರ್ ಹತ್ತಿಕೊಂಡಿತೋ ಇಲ್ಲವೋ ಅಂಗೈ ಹೇಳುತ್ತಿತ್ತು. ಆರ್ಥರ್ ವಾರ್ನ್ 1948ರಲ್ಲಿ ಅಮೆರಿಕದಲ್ಲಿ ತಯಾರಿಸಲು ಶುರುಮಾಡಿದ ಲಾಕಿಂಗ್ ಹಬ್‌ಗಳಂಥವು ಇದ್ದರಂತೂ ಕೆಳಗಿಳಿದು, ಮುಂದಿನ ಚಕ್ರದ ನಡುವಿನ ಬಿಲ್ಲೆಯನ್ನು ಕೈಯಾರೆ ತಿರುವಬೇಕಿತ್ತು. ಮಳೆಯಲ್ಲಿ ನೆನೆಯುವ ಕೆಲಸ ನಿಜ. ಆದರೆ ಇಳಿದವನು ಟೈರನ್ನೂ ನೋಡುತ್ತಿದ್ದ, ಆಯಿಲ್ ಸೋರಿದ್ದನ್ನೂ ನೋಡುತ್ತಿದ್ದ. ಈಗ ಡ್ಯಾಶ್‌ಬೋರ್ಡಿನ ಗುಂಡಿ ತಿರುವಿದರೆ ಮೋಟಾರೋ ವ್ಯಾಕ್ಯೂಮ್ ಪೈಪೋ ಆ ಕೆಲಸ ಮಾಡುತ್ತದೆ. ಚಾಲಕನಿಗೆ ಉಳಿದಿರುವುದು ಮಿನುಗುವ ಒಂದು ದೀಪ.

ಮೊದಲನೆಯ ಸೂಚನೆಯ ಮಹತ್ವ ಇಲ್ಲಿದೆ. 2Hನಲ್ಲಿ ಗಾಡಿ ಓಡುವಾಗ ಈ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟೂ ಕ್ರೌನ್ ಗೇರೂ ನಿಂತೇ ಇರುತ್ತವೆ. ಆಯಿಲ್ ಹೌಸಿಂಗಿನ ತಳದಲ್ಲಿ ಮಲಗಿರುತ್ತದೆ. ಮೇಲಿನ ಹಲ್ಲುಗಳಿಗೆ, ಬೇರಿಂಗಿಗೆ, ಸೀಲಿಗೆ ತಲುಪುವುದಿಲ್ಲ. ಸೀಲ್ ಒಣಗಿ ಗಡುಸಾಗುತ್ತದೆ, ಗೇರ್ ಬದಲಿಸುವ ಫೋರ್ಕ್ ಹಿಡಿದುಕೊಳ್ಳುತ್ತದೆ, ವ್ಯಾಕ್ಯೂಮ್ ಪೈಪು ಸೀಳಿದ್ದು ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಜೂನ್ ಬರುತ್ತದೆ. ಆಗುಂಬೆಯ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ತೋಟದ ಏರಿನಲ್ಲಿ ಗೊಬ್ಬರದ ಮೂಟೆ ಹೊತ್ತ ಗಾಡಿ ಹೂತಾಗ ಗುಂಡಿ ತಿರುವಿದರೆ ದೀಪ ಮಿನುಗುತ್ತಲೇ ಇರುತ್ತದೆ. ಹೆಚ್ಚು ದುಡಿದು ಸವೆದ ಫೋರ್ ವೀಲ್‌ಗಿಂತ ಸುಮ್ಮನೆ ಕೂತು ಕೆಟ್ಟ ಫೋರ್ ವೀಲ್ ಮಾಲೀಕನನ್ನು ಹೆಚ್ಚು ಸತಾಯಿಸುತ್ತದೆ ಎಂಬುದು ಈ ಭಾಷಣದ ವಾದ. ಒಪ್ಪದವರು ಮಧ್ಯಾಹ್ನದ ಗೋಷ್ಠಿಯಲ್ಲಿ ಜಗಳವಾಡಬಹುದು.

ಹಾಗಾದರೆ ಬೇಸಿಗೆಯಲ್ಲಿ ಆ 16 ಕಿಲೋಮೀಟರನ್ನು ಎಲ್ಲಿ ಓಡಿಸುವುದು? ಬಯಲುಸೀಮೆಯ ಪಟ್ಟಣದಲ್ಲಿ ಇದು ತಲೆನೋವೇ. ಮಲೆನಾಡಿನವರಿಗೆ ತೋಟದ ಒಳರಸ್ತೆಗಳಿವೆ. ಮಾರ್ಚಿನ ಧೂಳು, ಉದುರು ಜಲ್ಲಿ ಇರುವ ದಾರಿ ಸಾಕು. ಕಾಫಿ ಕೊಯ್ಲು ಮುಗಿಸಿ ಕಣದಿಂದ ಚೀಲ ಸಾಗಿಸುವಾಗಲೇ 4H ಹಾಕಿಕೊಂಡರೆ ಡೀಸೆಲ್ ಕೂಡ ದಂಡವಾಗುವುದಿಲ್ಲ. ಡಾಂಬರು ಮುಟ್ಟಿದ ಕೂಡಲೇ ತೆಗೆದರಾಯಿತು.

ಲೋ ಗೇರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಅದು ಏರು ಹತ್ತುವುದಕ್ಕೆ ಮಾತ್ರ ಎಂದು. ಹೈಲಕ್ಸ್‌ನಲ್ಲಿ ಈ ಲೋ ಗೇರಿನ, ಅಂದರೆ 4Lನ, ಅನುಪಾತ 2.566. ಮೊದಲ ಗೇರಿನಲ್ಲಿ ಗಂಟೆಗೆ 10 ಕಿಲೋಮೀಟರ್ ಓಡುವ ಎಂಜಿನ್ ವೇಗಕ್ಕೆ 4Lನಲ್ಲಿ ಸುಮಾರು 4 ಕಿಲೋಮೀಟರ್, ಅಂದರೆ ಮನುಷ್ಯನ ನಡಿಗೆ. ಇದರ ನಿಜವಾದ ಉಪಕಾರ ಇಳಿಜಾರಿನಲ್ಲಿ. ಹೊರೆ ತುಂಬಿದ ಪಿಕಪ್ ಕಡಿದಾದ ಮಣ್ಣುದಾರಿ ಇಳಿಯುವಾಗ ಎಂಜಿನ್ನೇ ನಾಲ್ಕೂ ಚಕ್ರಗಳನ್ನು ಹಿಡಿದು ಇಳಿಸುತ್ತದೆ. ಬ್ರೇಕು ಕಾಯುವುದಿಲ್ಲ, ಚಕ್ರ ಲಾಕ್ ಆಗಿ ಗಾಡಿ ಅಡ್ಡಕ್ಕೆ ಜಾರುವ ಭಯ ಕಡಿಮೆ. ಷರತ್ತು ಇಷ್ಟೇ: ಗಾಡಿ ಪೂರ್ತಿ ನಿಂತ ಮೇಲೆ ನ್ಯೂಟ್ರಲ್‌ನಲ್ಲಿ ಹಾಕಬೇಕು, ಅರ್ಧ ದಾರಿಯಲ್ಲಿ ಕ್ಲಚ್ ತುಳಿಯಬಾರದು. ಕೊಡಚಾದ್ರಿಯ ದಾರಿಯಲ್ಲಿ ಜೀಪು ಓಡಿಸುವವರಿಗೆ ಇದನ್ನು ಯಾರೂ ಪಾಠ ಮಾಡಬೇಕಿಲ್ಲ.

ಇನ್ನೊಂದು ಭ್ರಮೆ, ಫೋರ್ ವೀಲ್ ಹಾಕಿದರೆ ನಾಲ್ಕೂ ಚಕ್ರ ಎಳೆಯುತ್ತವೆ ಎಂಬುದು. ಸಾದಾ ಡಿಫರೆನ್ಷಿಯಲ್ ಎರಡೂ ಬದಿಗೆ ಸಮನಾದ ಬಲವನ್ನೇ ಹಂಚುತ್ತದೆ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತಿದರೆ, ಜೋಡಿ ಚಕ್ರಕ್ಕೆ ಸಿಗುವುದೂ ಆ ಸುಮ್ಮನೆ ಸುತ್ತುವಷ್ಟೇ ಬಲ. ಮುಂದೆ ಒಂದು, ಹಿಂದೆ ಒಂದು ಚಕ್ರ ನೆಲ ಬಿಟ್ಟರೆ ಗಾಡಿ ಅಲ್ಲೇ. ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫ್ ಲಾಕ್ ಇರುವುದು ಇದಕ್ಕಾಗಿ. ಹೂತ ಮೇಲೆ ಅರ್ಧ ಗಂಟೆ ಆಕ್ಸಲರೇಟರ್ ತುಳಿದು, ಚಕ್ರದಡಿ ಬಾವಿ ತೋಡಿ, ಆಮೇಲೆ ಲಾಕ್ ಗುಂಡಿ ನೆನಪಾದರೆ ಏನು ಬಂತು?

ಇನ್ನು ಆರೈಕೆ. ಗ್ರೀಸ್ ನಿಪ್ಪಲ್ ಇರುವಲ್ಲೆಲ್ಲ ಗ್ರೀಸ್ ಹೊಡೆಸುವುದು, ಹರಿದ ರಬ್ಬರ್ ಬೂಟ್ ಬದಲಿಸುವುದು ಎಲ್ಲರಿಗೂ ಗೊತ್ತು. ಗಮನ ಸಿಗದೇ ಇರುವುದು ಆಕ್ಸಲ್ ಹೌಸಿಂಗಿನ ಗಾಳಿಕಿಂಡಿಯಾದ ಬ್ರೀದರ್‌ಗೆ. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಖಾಲಿಯಾದ ಜಾಗಕ್ಕೆ ಹೊರಗಿನಿಂದ ಏನಾದರೂ ಬರಲೇಬೇಕು. ಬ್ರೀದರ್ ಚೊಕ್ಕಟವಾಗಿದ್ದು ಅದರ ಬಾಯಿ ನೀರಿಗಿಂತ ಮೇಲಿದ್ದರೆ ಗಾಳಿ ಬರುತ್ತದೆ. ಮಣ್ಣು ಕಟ್ಟಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರು ನುಸುಳುತ್ತದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮುಂದಿನ ಸರ್ವೀಸಿನವರೆಗೆ ಕಾಯುವಂತಿಲ್ಲ. ಗಾಡಿಯನ್ನು ಹಳ್ಳದಲ್ಲೇ ನಿಲ್ಲಿಸಿ ತೊಳೆಯುವ ಚಾಳಿಯೂ ಬಿಡಬೇಕು.

ಟೈರಿನ ವಿಷಯದಲ್ಲಿ ನಡೆಯುವ ಉಳಿತಾಯ ಇನ್ನೂ ದುಬಾರಿ. ಹಿಂದಕ್ಕೆ ಎರಡು ಹೊಸ ಟೈರು ಹಾಕಿ, ಮುಂದಕ್ಕೆ ಸವೆದದ್ದನ್ನೇ ಬಿಡುವುದು ರೂಢಿ. 775 ಮಿಲಿಮೀಟರ್ ವ್ಯಾಸದ ಟೈರಿನಲ್ಲಿ 5 ಮಿಲಿಮೀಟರ್ ಟ್ರೆಡ್ ಸವೆದರೆ, ಸ್ಥೂಲ ಲೆಕ್ಕದಲ್ಲಿ, ಕಿಲೋಮೀಟರಿಗೆ 13 ಮೀಟರ್ ವ್ಯತ್ಯಾಸ ಬರುತ್ತದೆ. ಅಂದರೆ 4Hನಲ್ಲಿ ತಿರುವೇ ಬೇಡ, ನೆಟ್ಟಗೆ ಓಡಿದರೂ ಶಾಫ್ಟುಗಳ ನಡುವೆ ಎಳೆದಾಟ ನಡೆದೇ ಇರುತ್ತದೆ.

ಇದನ್ನೆಲ್ಲ ತಿಳಿಯಬೇಕಾದವನು ಗಾಡಿ ಓಡಿಸುವವನು. ಆದರೆ ಷೋರೂಮಿನಲ್ಲಿ ವಿವರಣೆ ಕೇಳುವುದು ಮಾಲೀಕ. ಕೈಪಿಡಿ ಪ್ಲಾಸ್ಟಿಕ್ ಚೀಲದೊಳಗೇ ಗ್ಲೋವ್ ಬಾಕ್ಸ್ ಸೇರುತ್ತದೆ. ಲೈಸೆನ್ಸ್ ಪರೀಕ್ಷೆಯಲ್ಲಿ ‘ಫೋರ್ ವೀಲ್ ಹಾಕಿ ತೋರಿಸು’ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಈ ಸಂಕಿರಣದಿಂದ ದಪ್ಪನೆಯ ಪ್ರಬಂಧ ಸಂಪುಟ ಹೊರಬರದಿದ್ದರೂ ಚಿಂತೆಯಿಲ್ಲ. ಸನ್ ವೈಸರ್ ಹಿಂದೆ ಅಂಟಿಸುವಷ್ಟು ಚಿಕ್ಕದಾದ, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಸಿದ್ಧವಾಗಲಿ. ಅದರಲ್ಲಿ ಏನಿರಬೇಕು, ಯಾವ ಮಾತು ಚಾಲಕರಿಗೆ ಅರ್ಥವಾಗುತ್ತದೆ ಎಂಬುದನ್ನು ಅಧ್ಯಾಪಕರಷ್ಟೇ ಕೂತು ತೀರ್ಮಾನಿಸಲಾಗದು.

ಮೊದಲ ಗೋಷ್ಠಿ ಸಭಾಂಗಣದಲ್ಲಿ ಅಲ್ಲ, ಹಿಂಬದಿಯ ವರ್ಕ್‌ಶಾಪಿನಲ್ಲಿ. ಟ್ರಾನ್ಸ್‌ಫರ್ ಕೇಸೊಂದನ್ನು ಬಿಚ್ಚಿ ಮೇಜಿನ ಮೇಲೆ ಇಡಲಾಗಿದೆ, ಪಕ್ಕದಲ್ಲಿ ಜ್ಯಾಕ್ ಮೇಲೆ ಒಂದು ಪಿಕಪ್ ನಿಂತಿದೆ. ಅಲ್ಲಿ ಮೊದಲು ಮಾತಾಡುವ ಸರದಿ ಹಿಂದಿನ ಸಾಲಿನವರದು.