ಆಡದೇ ಬೈದೆ, ಆಡದೇ ಹೊಗಳಿದೆ

ಇವತ್ತು ವಿಧಾನಸೌಧದ ಕಡೆ ಹೋಗೋದು ಬೇಡ. ಕುರ್ಚಿ ಎಲ್ಲಿಗೂ ಓಡಿಹೋಗಲ್ಲ, ಅದರ ಸುತ್ತ ಓಡೋರೂ ಸದ್ಯಕ್ಕೆ ನಿಲ್ಲಲ್ಲ. ಇವತ್ತು ಒಂದು ತಪ್ಪೊಪ್ಪಿಗೆ ಇದೆ. ಬೇರೆ ಯಾರದ್ದೂ ಅಲ್ಲ, ನನ್ನದೇ.

ದಸರಾಕ್ಕೆ ಮೈಸೂರಿಗೆ ಹೋಗಿದ್ದೆ. ಯಾದವಗಿರಿಯಲ್ಲಿ ನನ್ನ ತಂಗಿಯ ಮನೆ. ಆರ್.ಕೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ ಆಗಿದೆಯಲ್ಲ, ಅಲ್ಲಿಂದ ನಡೆದುಕೊಂಡು ಹೋಗುವಷ್ಟು ದೂರ. ಗೊಂಬೆ ಇನ್ನೂ ಎತ್ತಿರಲಿಲ್ಲ. ರಾತ್ರಿ ಊಟ ಆದಮೇಲೆ ತಂಗಿಯ ಮಗ ಬಂದು ಪಕ್ಕದಲ್ಲಿ ಕೂತ. ಇಂಜಿನಿಯರಿಂಗ್ ಎರಡನೇ ವರ್ಷ. ಕೈಯಲ್ಲಿ ಫೋನು. ‘ಮಾಮ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪಬ್ಜಿ ಬ್ಯಾನ್ ಆದಾಗ ನೀವು ಒಂದು ಗಂಟೆ ಪ್ರೋಗ್ರಾಂ ಮಾಡಿದ್ರಲ್ಲ, ಅದಕ್ಕೆ ಮುಂಚೆ ಒಂದು ಸಲನಾದ್ರೂ ಅದನ್ನ ಆಡಿದ್ರಾ?’

ಏನು ಹೇಳ್ತೀರಿ? ಆಡಿರಲಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಅವತ್ತು ರಾತ್ರಿ ನಾನು ಸ್ಟುಡಿಯೋದಲ್ಲಿ ಕೂತು, ಹಿಂದೆ ತಲೆಬುರುಡೆ ಗ್ರಾಫಿಕ್ಸ್ ಹಾಕಿಸಿಕೊಂಡು, ‘ಮಕ್ಕಳನ್ನು ನುಂಗುವ ಭೂತ’ ಅಂತ ಅಬ್ಬರಿಸಿದ್ದೆ. ಆ ಭೂತದ ಮುಖ ಹೇಗಿದೆ ಅಂತ ನನಗೇ ಗೊತ್ತಿರಲಿಲ್ಲ. ಆಮೇಲೆ ಎರಡೇ ದಿನಕ್ಕೆ ಅಕ್ಷಯ್ ಕುಮಾರ್ ‘ಫೌ-ಜಿ’ ಅನ್ನೋ ದೇಶಿ ಗೇಮ್ ಬರುತ್ತೆ ಅಂತ ಘೋಷಣೆ ಮಾಡಿದರು. ಮಾಡುತ್ತಿರೋದು ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದಲ್ಲಿ ಒಂದು ಪಾಲು ಹುತಾತ್ಮ ಯೋಧರ ಕುಟುಂಬಗಳ ನಿಧಿಗೆ. ನಾನು ಎದ್ದು ನಿಂತು ಚಪ್ಪಾಳೆ ತಟ್ಟೋದೊಂದು ಬಾಕಿ. ಅದನ್ನೂ ಆಡಿರಲಿಲ್ಲ. ಅದು ಇನ್ನೂ ಬಂದೇ ಇರಲಿಲ್ಲ!

ಒಂದನ್ನು ಆಡದೇ ಬೈದೆ, ಇನ್ನೊಂದನ್ನು ಆಡದೇ ಹೊಗಳಿದೆ. ಸಿನಿಮಾ ನೋಡದೆ ವಿಮರ್ಶೆ ಬರೆದವನನ್ನು ನಾವು ಏನಂತ ಕರೀತೀವಿ? ಅದೇ ನಾನು.

ಹುಡುಗ ಮುಂದುವರಿಸಿದ. ‘ಫೌ-ಜಿ ರಿಲೀಸ್ ಆದ ದಿನವೇ ಹಾಕ್ಕೊಂಡಿದ್ದೆ ಮಾಮ. 2021 ಜನವರಿ 26. ನೀವು ಹೇಳಿದ್ರಿ ಅಂತಲೇ. ಗಾಲ್ವಾನ್ ಕಣಿವೆ, ಹಿಮ, ನೋಡೋಕೆ ಚೆನ್ನಾಗೇ ಇತ್ತು. ಆದ್ರೆ ಗನ್ನೇ ಇಲ್ಲ. ಒಬ್ಬ ಬರ್ತಾನೆ, ಗುದ್ದು. ಇನ್ನೊಬ್ಬ ಬರ್ತಾನೆ, ಗುದ್ದು. ಸುಸ್ತಾದ್ರೆ ಬೆಂಕಿ ಮುಂದೆ ಕೂತ್ಕೋ. ಮತ್ತೆ ಎದ್ದು ಗುದ್ದು. ಅರ್ಧ ಗಂಟೇಲಿ ಬೇಜಾರಾಯ್ತು.’ ಒಂಬತ್ತನೇ ಕ್ಲಾಸಿನ ಹುಡುಗ ಅವತ್ತು ಮಾಡಿದ ಈ ವಿಮರ್ಶೆ ನನ್ನ ಒಂದು ಗಂಟೆಯ ಕಾರ್ಯಕ್ರಮಕ್ಕಿಂತ ಗಟ್ಟಿಯಾಗಿತ್ತು. ಗಾಲ್ವಾನ್‌ನಲ್ಲಿ ಗುಂಡು ಹಾರದೆ ಕೈಕೈ ಮಿಲಾಯಿಸಿಯೇ ಹೋರಾಟ ನಡೆದದ್ದು ನಿಜ. ಆ ಸತ್ಯಕ್ಕೆ ನಿಷ್ಠವಾಗಿರೋಣ ಅಂತ ತಯಾರಕರು ಹೊರಟಿದ್ದರೆ ಅದು ಒಳ್ಳೆಯ ಯೋಚನೆಯೇ. ಆದರೆ ಗುದ್ದಾಟವೇ ಆಟ ಅಂದಮೇಲೆ ಆ ಗುದ್ದಾಟದಲ್ಲಿ ಪಟ್ಟು ಇರಬೇಕು, ಲೆಕ್ಕ ಇರಬೇಕು. ದೇಶಭಕ್ತಿ ಆ ಕೊರತೆ ತುಂಬಿಸಲ್ಲ. ಇದನ್ನು ಹೇಳಿದರೆ ದೇಶದ್ರೋಹ ಅಂದುಕೊಳ್ಳುವ ವೀಕ್ಷಕರು ನನಗಿದ್ದಾರೆ, ಗೊತ್ತು. ಇರಲಿ, ಆ ಅಭ್ಯಾಸ ಅವರಿಗೆ ಮಾಡಿಸಿದ್ದೂ ನಾವೇ.

ಸರಿ, ಅವತ್ತಿಂದ ಮೂರು ದಿನ ಅಲ್ಲೇ ಕೂತೆ. ‘ಆಡಿಸು, ನೋಡೋಣ’ ಅಂದೆ.

ಮೊದಲು ಪಬ್ಜಿಯೇ. ಈಗ ಅದು ಬಿಜಿಎಂಐ ಅಂತ ಬೇರೆ ಹೆಸರಲ್ಲಿದೆ. 2021ರ ಜುಲೈನಲ್ಲಿ ಬಂತು, 2022ರಲ್ಲಿ ಮತ್ತೆ ಮಾಯ ಆಯ್ತು, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ನೂರು ಜನ ಒಂದು ದ್ವೀಪಕ್ಕೆ ಇಳೀತಾರೆ, ಕೊನೆಗೆ ಉಳಿದವನು ಗೆದ್ದ. ನಾನು ಇಳಿದ ಎರಡು ನಿಮಿಷಕ್ಕೆ ಸತ್ತೆ. ಹತ್ತು ಸಲ ಸತ್ತಮೇಲೆ ಒಂದು ವಿಷಯ ಹೊಳೆಯಿತು. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಹೆಜ್ಜೆ ಸದ್ದು ಎಡದಿಂದ ಬಂತೋ ಬಲದಿಂದಲೋ, ಮಹಡಿ ಮೇಲೋ ಕೆಳಗೋ, ಹುಡುಗರು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಹೇಳ್ತಾರೆ. ನಾಲ್ವರ ತಂಡ, ಒಬ್ಬ ಬಿದ್ದರೆ ಇನ್ನೊಬ್ಬ ಪ್ರಾಣ ಪಣಕ್ಕಿಟ್ಟು ಹೋಗಿ ಎತ್ತುತ್ತಾನೆ. ಹತ್ತು ಹದಿನೈದು ಸಾವಿರದ ಫೋನಿನಲ್ಲೂ ಓಡುತ್ತೆ. ಇದು ಅದರ ಶಕ್ತಿ. ಬರೀ ‘ಚಟ’ ಅಂದುಬಿಟ್ಟರೆ ಇಷ್ಟು ಹುಡುಗರು ಯಾಕೆ ಕೂರ್ತಾರೆ ಅನ್ನೋದು ನಮಗೆ ಅರ್ಥವಾಗೋದೇ ಇಲ್ಲ.

ಹಾಗಾದರೆ ದೋಷ? ಇದೆ, ನಾನು ಕೂಗಾಡಿದ ಜಾಗದಲ್ಲಲ್ಲ. ನಾನು ಬಂದೂಕು ನೋಡಿ ಹೆದರಿದ್ದೆ. ಹೆದರಬೇಕಾಗಿದ್ದು ಅಂಗಡಿ ನೋಡಿ. ಆಟ ಪುಕ್ಕಟೆ, ಆದರೆ ಬಂದೂಕಿಗೆ ಬಣ್ಣ ಬೇಕು, ಆಳಿಗೆ ಹೊಸ ಉಡುಪು ಬೇಕು ಅಂದರೆ ದುಡ್ಡು. ಅದೂ ನೇರವಾಗಿ ಕೊಳ್ಳೋ ಹಾಗಿಲ್ಲ, ಎಷ್ಟೋ ಸಲ ಪೆಟ್ಟಿಗೆ ಕೊಳ್ಳಬೇಕು. ಒಳಗೆ ಏನು ಬರುತ್ತೋ ಅದೃಷ್ಟ. ಜಾತ್ರೆಯಲ್ಲಿ ರಿಂಗ್ ಎಸೆಯೋ ಆಟ ನೋಡಿದ್ದೀರಲ್ಲ, ಸೋಪಿನ ಮೇಲೆ ಬೀಳುತ್ತೆ, ಗಡಿಯಾರದ ಮೇಲೆ ಬೀಳಲ್ಲ. ಅದೇ ವಿದ್ಯೆ. ಬೆಲ್ಜಿಯಂ ದೇಶ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜು ಅಂತ ತೀರ್ಮಾನಿಸಿತು. ಬಿಜಿಎಂಐ ಬರುವಾಗ ಕಂಪನಿಯೇ ಒಂದು ಭರವಸೆ ಕೊಟ್ಟಿತ್ತು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ಗಂಟೆ ಆಟ, ಖರ್ಚಿಗೆ ದಿನಕ್ಕೆ 7,000 ರೂಪಾಯಿ ಮಿತಿ. ಮತ್ತೊಮ್ಮೆ ಕೇಳಿಸಿಕೊಳ್ಳಿ. ತಿಂಗಳಿಗಲ್ಲ, ದಿನಕ್ಕೆ! ನಮ್ಮಲ್ಲಿ ಎಷ್ಟು ಮನೆಗಳಿಗೆ ಅದು ಅರ್ಧ ತಿಂಗಳ ದಿನಸಿ? ಈ ಒಂದು ಸಾಲಿನ ಮೇಲೆ ನಾನು ಒಂದು ಗಂಟೆ ಕಾರ್ಯಕ್ರಮ ಮಾಡಬೇಕಿತ್ತು. ಮಾಡಲಿಲ್ಲ. ತಲೆಬುರುಡೆ ಕುಣಿಸುತ್ತಾ ಕೂತಿದ್ದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದೆ. ಸ್ವಾಗತ. ಆದರೆ ಹಣ ಕಟ್ಟಿ ಬಣ್ಣದ ಅಂಗಿ ಗೆಲ್ಲುವ ಆಟವೂ ಅದೇ ಬೆರಳುಗಳಿಗೆ ಅದೇ ತುರಿಕೆ ಹಚ್ಚುತ್ತೆ ಅನ್ನೋದನ್ನು ನೆನಪಿಡಿ.

ಎರಡನೇ ದಿನ ಲ್ಯಾಪ್‌ಟಾಪ್‌ನಲ್ಲಿ ‘ರಾಜಿ’. ಪುಣೆಯ ನಾಡಿಂಗ್ ಹೆಡ್ಸ್ ಅನ್ನೋ ಸಣ್ಣ ತಂಡ 2020ರಲ್ಲಿ ಮಾಡಿದ್ದು. ಸರ್ಕಸ್ಸಿನ ಹುಡುಗಿ ರಾಜಿ, ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಡ್ತಾಳೆ. ದುರ್ಗೆ ತ್ರಿಶೂಲ ಕೊಡ್ತಾಳೆ. ಕಥೆಯ ಭಾಗಗಳು ತೊಗಲುಗೊಂಬೆಯಾಟದ ರೂಪದಲ್ಲಿ ಬರ್ತಾವೆ. ಕೋಣೆಯಲ್ಲಿ ನನ್ನಮ್ಮನೂ ಇದ್ದರು. ಪರದೆ ಮೇಲೆ ಗೊಂಬೆ ಆಡಿದ್ದೇ ತಡ, ಹೂವು ಕಟ್ಟೋದು ಬಿಟ್ಟು ಎದ್ದು ಬಂದು ನಿಂತರು. ಇಷ್ಟು ಚೆಂದದ ಕೋಟೆ, ಭಿತ್ತಿಚಿತ್ರ, ದೇವರ ಮೂರ್ತಿ. ಮೊದಲ ಪ್ರಯತ್ನದ ಆಟಗಳ ಸಾಲಿನಲ್ಲಿ ಅಂತಾರಾಷ್ಟ್ರೀಯ ಪ್ರಶಸ್ತಿಗೂ ನಾಮಕರಣವಾಗಿತ್ತು. ಆದರೆ ಪ್ರಾಮಾಣಿಕವಾಗಿ ಹೇಳಬೇಕಲ್ಲ? ಕಾದಾಟ ಸ್ವಲ್ಪ ಹೊತ್ತಿಗೆ ಒಂದೇ ರಾಗ ಆಗುತ್ತೆ. ನಾಲ್ಕೈದು ಗಂಟೆಗೆ ಆಟ ಮುಗಿಯುತ್ತೆ. ಮುಗಿಯುತ್ತೆ ಅಲ್ಲ, ನಿಲ್ಲುತ್ತೆ. ಯಕ್ಷಗಾನದಲ್ಲಿ ಪ್ರಸಂಗ ಏರಿದಾಗ ಜನರೇಟರ್ ಕೈಕೊಟ್ಟರೆ ಹೇಗಿರುತ್ತೆ, ಹಾಗೆ.

ಆಮೇಲೆ ‘ವೆಂಬಾ’. 2023ರದ್ದು. ಇದನ್ನು ಮಾಡಿದ್ದು ಕೆನಡಾದ ಟೊರಾಂಟೊದಲ್ಲಿರುವ ತಂಡ, ಕಥೆ ಅಲ್ಲಿಗೆ ಹೋದ ಒಂದು ತಮಿಳು ಕುಟುಂಬದ್ದು. ಇದರಲ್ಲಿ ಯುದ್ಧ ಇಲ್ಲ, ಅಡುಗೆ ಇದೆ. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ, ಬಿಟ್ಟುಹೋದದ್ದನ್ನು ನಾವು ಊಹಿಸಿ ಅಡುಗೆ ಮಾಡಬೇಕು. ಮೊದಲ ಸವಾಲೇ ಇಡ್ಲಿ. ನಾನು ತಟ್ಟೆಗಳನ್ನು ಒಂದರ ಮೇಲೊಂದು ನೇರ ಇಟ್ಟೆ, ಕೆಟ್ಟಿತು. ಅಮ್ಮ ಹಿಂದಿನಿಂದ, ‘ಒಂದು ತಟ್ಟೆ ತಿರುಗಿಸಿಡೋ ದಡ್ಡ, ಆವಿ ಎಲ್ಲಿಂದ ಹೋಗ್ಬೇಕು?’ ಅಂದರು. ತಿರುಗಿಸಿಟ್ಟೆ. ಇಡ್ಲಿ ಬೆಂದಿತು! ಎಪ್ಪತ್ತಾರು ವರ್ಷದ ಹೆಂಗಸು ಜೀವನದಲ್ಲಿ ಮೊದಲ ಸಲ ವಿಡಿಯೋ ಗೇಮ್‌ನಲ್ಲಿ ಮಗನನ್ನು ಗೆಲ್ಲಿಸಿದರು. ಮುಂದೆ ಆ ಕಥೆಯ ಹುಡುಗ ತನ್ನ ಭಾಷೆಗೆ, ಡಬ್ಬಿಯ ಊಟಕ್ಕೆ ನಾಚಿಕೊಳ್ಳೋಕೆ ಶುರು ಮಾಡ್ತಾನೆ. ಅಮ್ಮ ಮಾತಾಡಲಿಲ್ಲ. ನನ್ನ ತಮ್ಮ ಅಮೆರಿಕದಲ್ಲಿದ್ದಾನೆ, ಅವನ ಮಗಳು ಅಜ್ಜಿ ಹತ್ತಿರ ಫೋನಿನಲ್ಲಿ ಇಂಗ್ಲಿಷಲ್ಲೇ ಎರಡು ಮಾತಾಡಿ ಇಡ್ತಾಳೆ. ದೋಷ ಏನು ಅಂದರೆ ತೀರಾ ಚಿಕ್ಕದು. ಒಂದೂವರೆ ಗಂಟೆಯೊಳಗೆ ಮುಗಿಯುತ್ತೆ, ಅಡುಗೆಗಳೂ ಕೆಲವೇ. ಇನ್ನೊಂದೆರಡು ಅಡುಗೆ ಇರಬೇಕಿತ್ತು ಅನ್ನೋದು ಅಮ್ಮನ ತಕರಾರು. ಆದರೂ ಅದಕ್ಕೆ 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು.

‘ಬ್ಲ್ಯಾಕ್ ಮಿಥ್: ವುಕಾಂಗ್’ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಲ್ಲ. 130 ಜಿಬಿ ಜಾಗ ಕೇಳುತ್ತೆ. ಹುಡುಗನ ಗೆಳೆಯನ ಮನೆಗೆ ಹೋಗಿ ನೋಡಿದೆ. 2024ರ ಆಗಸ್ಟ್‌ನಲ್ಲಿ ಬಂದ ಚೀನಾದ ಆಟ, ಅವರ ಪುರಾಣದ ಕಪಿವೀರನ ಕಥೆ. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯ್ತು. ದಾರಿ ಇದೆ ಅಂತ ಹೋದರೆ ಕಾಣದ ಗೋಡೆ ಮೂಗಿಗೆ ಬಡಿಯುತ್ತೆ, ಬಿಡುಗಡೆಯಾದಾಗ ನಕ್ಷೆಯೂ ಇರಲಿಲ್ಲ, ದಾರಿ ತಪ್ಪಿ ಸಾಕಾಗುತ್ತೆ. ಅದು ದೊಡ್ಡ ಕೊರತೆಯೇ. ಆದರೆ ಚೀನಾದ ಶಾಂಕ್ಸಿ ಪ್ರಾಂತ್ಯದ ನಿಜವಾದ ದೇವಸ್ಥಾನಗಳನ್ನು, ಮೂರ್ತಿಗಳನ್ನು ಸ್ಕ್ಯಾನ್ ಮಾಡಿ ಆಟದೊಳಗೆ ಇಟ್ಟಿದ್ದಾರೆ. ಆಟ ಆಡಿದವರು ಆ ಗುಡಿಗಳನ್ನು ನೋಡೋಕೆ ಹೊರಟರು.

ಅಲ್ಲಿಂದ ವಾಪಸ್ ಬರುವಾಗ ನನಗೆ ಸೋಮನಾಥಪುರ ನೆನಪಾಯಿತು. ಮೈಸೂರಿಂದ ಒಂದು ಗಂಟೆ ದಾರಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಅವತ್ತು ನಾವೂ ಬ್ರೇಕಿಂಗ್ ನ್ಯೂಸ್ ಹಾಕಿದ್ದೆವು, ಮರುದಿನ ಮರೆತೆವು.

ಕೆಲಸ ಬರಲ್ಲ ಅಂತ ಹೇಳೋ ಹಾಗಿಲ್ಲ ಸ್ವಾಮಿ. ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ದು 1997ರಲ್ಲಿ, ದೇಶದಲ್ಲಿ ಗೇಮ್ ಸ್ಟುಡಿಯೋ ಅಂದರೆ ಏನು ಅಂತ ಯಾರಿಗೂ ಗೊತ್ತಿಲ್ಲದ ಕಾಲ. 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ಮಾಡುವ ರಾಕ್‌ಸ್ಟಾರ್. ಅನಿಮೇಷನ್, ಗೇಮಿಂಗ್‌ಗೆ ಅಂತಲೇ 2012ರಲ್ಲಿ ನೀತಿ ತಂದದ್ದು ಕರ್ನಾಟಕ ಸರ್ಕಾರ. ಅಂದರೆ ಅಮೆರಿಕದ ಬೀದಿ, ಅಮೆರಿಕದ ಕಾರು ಬಿಡಿಸೋಕೆ ನಮ್ಮ ಹುಡುಗರ ಕೈ ಬೇಕು. ತಮಿಳು ತಾಯಿಯ ಇಡ್ಲಿ ಟೊರಾಂಟೊದಲ್ಲಿ ಬೇಯುತ್ತೆ. ಕನ್ನಡದ ಅಜ್ಜಿ ಯಾವ ಆಟದಲ್ಲಿದ್ದಾಳೆ ಅಂತ ಹುಡುಗನನ್ನು ಕೇಳಿದೆ. ಅವನಿಗೆ ಒಂದೂ ನೆನಪಾಗಲಿಲ್ಲ.

ಇದೆಲ್ಲ ನಡೆದ ಊರು ಯಾವುದು ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಬ್ರಿಟಿಷರ ಕೈಗೆ ಆಡಳಿತ ಹೋದಮೇಲೂ ಸುಮ್ಮನೆ ಕೂರಲಿಲ್ಲ. ಹೊಸ ಹೊಸ ಮಣೆಯಾಟ ಕಟ್ಟಿದರು, ಗಂಜೀಫಾ ಎಲೆಗಳ ಆಟ ರೂಪಿಸಿದರು, ಚದುರಂಗದ ಕುದುರೆ ಅರವತ್ತನಾಲ್ಕು ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕ ಬಿಡಿಸಿದರು. ಶ್ರೀತತ್ತ್ವನಿಧಿಯ ‘ಕೌತುಕನಿಧಿ’ ಅನ್ನೋ ಭಾಗದಲ್ಲಿ ಆಟಗಳೂ ಇವೆ. ಈಗಿನ ಭಾಷೆಯಲ್ಲಿ ಹೇಳಬೇಕಂದರೆ ನಮ್ಮ ಮಹಾರಾಜರು ಗೇಮ್ ಡಿಸೈನರ್. ಇನ್ನು 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ರೇಡಿಯೋ ಅನ್ನೋ ಹೊಸ ಯಂತ್ರ ತಂದು ಮನೆಯಲ್ಲೇ ನಿಲಯ ಶುರು ಮಾಡಿದರು. ಅದರ ಆಕಾಶವಾಣಿ ಅನ್ನೋ ಹೆಸರನ್ನು ಆಮೇಲೆ ಇಡೀ ದೇಶ ಇಟ್ಟುಕೊಂಡಿತು. ಇವತ್ತು ಆಕಾಶವಾಣಿ ಕಟ್ಟಡ ಇರೋದು ಯಾದವಗಿರಿಯಲ್ಲೇ. ಹೊಸ ಯಂತ್ರ ಬಂದಾಗ ಮನಸ್ಸು ಓದುವ ಮೇಷ್ಟ್ರು ಅದರೊಳಗೆ ಕನ್ನಡ ತುಂಬಿದರು. ನಾನಾಗಿದ್ದರೆ ತಲೆಬುರುಡೆ ಹಾಕಿಸ್ತಿದ್ದೆ.

ಹೊರಡೋ ಹಿಂದಿನ ರಾತ್ರಿ ಹುಡುಗ ತಾನೇ ಮಾಡುತ್ತಿರುವ ಒಂದು ಆಟ ತೋರಿಸಿದ. ಚೌಕಾಬಾರ! ಐದು ಮನೆ ಐದು ಮನೆ, ನಾಲ್ಕು ಕವಡೆ. ‘ಇನ್ನೂ ಅರ್ಧ ಆಗಿದೆ ಮಾಮ, ಟಿವಿಯಲ್ಲಿ ಹೇಳ್ಬೇಡಿ’ ಅಂದ. ಹೇಳ್ತಿದೀನಿ, ಕ್ಷಮಿಸಪ್ಪ. ಹೊಗಳೋಕೆ ಬಾಯಿ ತೆರೆದೆ, ತಕ್ಷಣ ಮುಚ್ಚಿಕೊಂಡು ಲ್ಯಾಪ್‌ಟಾಪನ್ನು ಅಮ್ಮನ ಕಡೆ ತಿರುಗಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಒಂದು ಬಟನ್ ಒತ್ತಿದರು. ನಾಲ್ಕೂ ಕವಡೆ ಬೋರಲು ಬಿದ್ದವು.

‘ಬಾರ!’ ಅಂದರು ಅಮ್ಮ. ಕಾಯಿ ಎಂಟು ಮನೆ ನಡೆಯಿತು. ಸರದಿ ಹುಡುಗನದಾಯಿತು.

‘ಇದೇನೋ ಇದು? ಬಾರ ಬಿದ್ದಿದೆ, ನಂಗೆ ಇನ್ನೊಂದು ಸಲ ಹಾಕೋಕೆ ಕೊಡಬೇಕಲ್ವಾ? ಕವಡೆ ಸದ್ದೂ ಇಲ್ಲ. ಸದ್ದಿಲ್ಲದೆ ಕವಡೆ ಆಡ್ತಾರೇನೋ? ಮನೆ ಬಣ್ಣ ಚೆನ್ನಾಗಿದೆ. ಸರಿ ಮಾಡು, ಬೆಳಿಗ್ಗೆ ಮತ್ತೆ ಆಡ್ತೀನಿ.’

ಹುಡುಗ ಮೂರನ್ನೂ ನೋಟ್‌ಬುಕ್‌ನಲ್ಲಿ ಬರ್ಕೊಂಡ. ಬೆಳಿಗ್ಗೆ ಆರಕ್ಕೆ ನಾನು ಎದ್ದಾಗ ಅವನ ಕೋಣೆಯ ದೀಪ ಉರೀತಿತ್ತು. ಒಳಗಿಂದ ಕವಡೆ ಬೀಳುವ ಸದ್ದು ಬರ್ತಿತ್ತು.